ದುಡ್ಡು ಕೇಳುವ ಹೊತ್ತು

ಅಪ್ಪನಿಗೆ ಎದೆನೋವು ಬಂದ ರಾತ್ರಿ ನಾನು ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ. ಗಾಜಿನ ಕಿಂಡಿ. ಈಚೆ ಕಡೆ ದಾರ ಕಟ್ಟಿದ ಒಂದು ಪೆನ್ನು. ಒಳಗಿದ್ದ ಹುಡುಗ ನಾಲ್ಕು ಹಾಳೆ ತಳ್ಳಿ, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಸೈನ್ ಮಾಡಿ ಸರ್. ಅಡ್ವಾನ್ಸ್ ಕಟ್ಟಿದ ತಕ್ಷಣ ಐಸಿಯುಗೆ ಶಿಫ್ಟ್ ಮಾಡ್ತಾರೆ" ಅಂದ. ನಾನು ಒಂದು ಸಾಲೂ ಓದಲಿಲ್ಲ. ದಾರ ಗಿಡ್ಡ ಇತ್ತು, ಪೆನ್ನು ಹಾಳೆಯ ಕೆಳಗಿನವರೆಗೆ ಬರುತ್ತಿರಲಿಲ್ಲ. ಹಾಳೆಯನ್ನೇ ಮೇಲಕ್ಕೆ ಸರಿಸಿ ಸಹಿ ಹಾಕಿದೆ. ನನ್ನ ಕಾರ್ಡ್ ಎರಡು ಸಲ ಉಜ್ಜಿದರೂ ಆಗಲಿಲ್ಲ. ಅಣ್ಣನಿಗೆ ಫೋನ್ ಮಾಡಿ, ಅವನು ನಿದ್ದೆಗಣ್ಣಲ್ಲಿ ದುಡ್ಡು ಹಾಕಿ, ಅದು ಬಂದು ಸೇರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಅಷ್ಟೂ ಹೊತ್ತು ಅಪ್ಪ ಸ್ಟ್ರೆಚರ್ ಮೇಲೇ ಇದ್ದರು.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಡಾಕ್ಟರು, ನರ್ಸುಗಳು ಮುತುವರ್ಜಿಯಿಂದಲೇ ನೋಡಿಕೊಂಡರು. ಅಪ್ಪ ಈಗ ಆರಾಮಾಗಿದ್ದಾರೆ. ಆದರೂ ಆಸ್ಪತ್ರೆ ಖಾಸಗಿ ಇರಬೇಕಾ, ಸರ್ಕಾರಿ ಇರಬೇಕಾ ಅಂತ ಜನ ಜಗಳ ಆಡುವಾಗೆಲ್ಲ ಆ ಪೆನ್ನು ನೆನಪಾಗುತ್ತದೆ. ಬೋರ್ಡಿನ ಮೇಲೆ ಯಾರ ಹೆಸರಿದೆ ಅನ್ನುವುದಕ್ಕಿಂತ, ದುಡ್ಡು ಯಾವಾಗ ಕೇಳುತ್ತಾರೆ ಅನ್ನುವುದು ದೊಡ್ಡ ವಿಷಯ ಅಂತ ಅವತ್ತಿನಿಂದ ನನಗೆ ಅನ್ನಿಸುತ್ತಿದೆ.

ಖಾಸಗಿ ಪರ ಇರುವ ಗೆಳೆಯರು ಹೇಳುತ್ತಾರೆ: ಪೈಪೋಟಿ ಇದ್ದರೆ ಬೆಲೆ ಇಳಿಯುತ್ತೆ, ಗುಣಮಟ್ಟ ಏರುತ್ತೆ ಅಂತ. ಫ್ರಿಜ್ಜಿನ ವಿಷಯದಲ್ಲಿ ಅದು ನಿಜ. ನಾಲ್ಕು ಕಡೆ ವಿಚಾರಿಸುತ್ತೇವೆ, ಚೌಕಾಸಿ ಮಾಡುತ್ತೇವೆ, ಬೇಡ ಅನ್ನಿಸಿದರೆ ವಾಪಸ್ ಬರುತ್ತೇವೆ. ಎದೆ ಹಿಡಿದುಕೊಂಡಿರುವ ಮನುಷ್ಯ ಎಲ್ಲಿಗೆ ವಾಪಸ್ ಹೋಗುತ್ತಾನೆ? ಡಾಕ್ಟರ್ "ಈ ಸ್ಕ್ಯಾನ್ ಬೇಕು" ಅಂದಾಗ, ಬೇಕೇ ಬೇಕಾ ಅಂತ ಅಳೆಯುವ ವಿದ್ಯೆ ನನ್ನ ಹತ್ತಿರ ಎಲ್ಲಿದೆ? ಇದನ್ನು 1963ರಲ್ಲೇ ಕೆನೆತ್ ಆರೋ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಬಿಡಿಸಿ ಬರೆದಿದ್ದರು. ಕಾಯಿಲೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದಾಗ ಏನು ಬೇಕು ಅನ್ನುವುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಬೇರೆ ಸಾಮಾನಿನ ಮಾರುಕಟ್ಟೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಮುಂದೆ 1972ರಲ್ಲಿ ನೊಬೆಲ್ ಪಡೆದವರ ಮಾತು ಇದು, ಮಾರುಕಟ್ಟೆ ಅಂದರೆ ಏನು ಅಂತ ಗೊತ್ತಿಲ್ಲದವರದ್ದಲ್ಲ.

ಇನ್ನೊಂದು ಮಾತು ತುಂಬಾ ಕೇಳುತ್ತೇನೆ. ಬಿಟ್ಟಿ ಸಿಕ್ಕರೆ ಜನ ಸುಮ್ನೆ ಸುಮ್ನೆ ಆಸ್ಪತ್ರೆಗೆ ಓಡುತ್ತಾರೆ ಅಂತ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಇದನ್ನೇ ಪರೀಕ್ಷೆ ಮಾಡಿತು. ಕೆಲವು ಕುಟುಂಬಗಳಿಗೆ ಚಿಕಿತ್ಸೆ ಪೂರ್ತಿ ಉಚಿತ, ಉಳಿದವರು ಒಂದಷ್ಟು ಪಾಲು ಕಟ್ಟಬೇಕು. ಕೈಯಿಂದ ಕೊಡಬೇಕಾದವರು ಡಾಕ್ಟರ್ ಹತ್ತಿರ ಹೋಗುವುದು ಕಡಿಮೆ ಆಯಿತು, ನಿಜ. ಹೆಚ್ಚಿನವರ ಆರೋಗ್ಯದಲ್ಲಿ ಅದರಿಂದ ದೊಡ್ಡ ವ್ಯತ್ಯಾಸವೂ ಆಗಲಿಲ್ಲ, ಅದನ್ನೂ ಮುಚ್ಚಿಡಬಾರದು. ಆದರೆ ಅವರು ಬೇಡದ ಚಿಕಿತ್ಸೆಯ ಜೊತೆ ಬೇಕಾದ ಚಿಕಿತ್ಸೆಯನ್ನೂ ಬಿಟ್ಟಿದ್ದರು. ಬಡವರಲ್ಲಿ ಬಿಪಿ ಇದ್ದವರಿಗೆ ಅದು ಹೊಡೆತ ಕೊಟ್ಟಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ರೋಗಿಗೆ ಹೇಗೆ ತಿಳಿಯಬೇಕು, ಅಲ್ವಾ?

ಹಾಗಂತ ಸರ್ಕಾರಿ ಅಂದ ಕೂಡಲೇ ಕೈಮುಗಿಯುವವನಲ್ಲ ನಾನು. ಚಿಕ್ಕಮ್ಮನ ಸೊಂಟ ನೋವಿಗೆ ಸರ್ಕಾರಿ ಆಸ್ಪತ್ರೆಗೆ ಎಷ್ಟು ಸಲ ಅಲೆದೆವೋ ಲೆಕ್ಕ ಇಲ್ಲ. ಸ್ಕ್ಯಾನಿಂಗ್ ಮಷಿನ್ ಮೇಲೆ ನೀಲಿ ಬೆಡ್‌ಶೀಟ್ ಹೊದಿಸಿದ್ದರು. ರಿಪೇರಿಯಲ್ಲಿದೆ ಅಂತ ಅಂಟಿಸಿದ್ದ ಚೀಟಿಯ ಮೂಲೆ ಹಳದಿ ತಿರುಗಿತ್ತು. ಯಾರೂ ದುಡ್ಡು ಕೇಳಲಿಲ್ಲ. "ಮುಂದಿನ ತಿಂಗಳು ಬನ್ನಿ ಅಮ್ಮ" ಅಂದರು, ಪ್ರತಿ ತಿಂಗಳೂ ಅದನ್ನೇ ಅಂದರು. ಕೊನೆಗೆ ಚಿಕ್ಕಮ್ಮ ನೋವಿನ ಮಾತನ್ನೇ ಎತ್ತುವುದು ಬಿಟ್ಟರು. ಕಾಯಿಸುವುದೂ ಒಂದು ಬೆಲೆಯೇ. ಶ್ರೀಮಂತ ದೇಶಗಳಲ್ಲೂ ಈ ಗೋಳು ತಪ್ಪಿಲ್ಲ. ಇಂಗ್ಲೆಂಡಿನಲ್ಲಿ ನೂರರಲ್ಲಿ 92 ಜನಕ್ಕೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ ಗುರಿ ಇದೆ. 2016ರ ನಂತರ ಅದನ್ನು ಮುಟ್ಟಲು ಆಗಿಲ್ಲ.

ಆದರೆ ಅದೇ ಬ್ರಿಟನ್ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತಿತು. 1948ರ ಜುಲೈ 5ರಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಇದ್ದ ಮಾತು ಒಂದೇ: ಚಿಕಿತ್ಸೆ ಕೊಡುವ ಹೊತ್ತಲ್ಲಿ ದುಡ್ಡು ಕೇಳಬಾರದು. ಅದನ್ನು ಕಟ್ಟಿದ ಅನ್ಯೂರಿನ್ ಬೆವನ್, ಕನ್ನಡಕಕ್ಕೂ ಕಟ್ಟಿಸುವ ಹಲ್ಲಿಗೂ ರೋಗಿಯಿಂದ ಶುಲ್ಕ ತೆಗೆದುಕೊಳ್ಳೋಣ ಅಂತ ಸರ್ಕಾರ ತೀರ್ಮಾನಿಸಿದಾಗ 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟರು. ಬರೀ ಕನ್ನಡಕಕ್ಕೆ ಇಷ್ಟೊಂದಾ ಅನ್ನಿಸಬಹುದು. ಆ ಕಿಂಡಿಯ ಮುಂದೆ ನಿಂತು ಬಂದ ಮೇಲೆ ನನಗೆ ಹಾಗನ್ನಿಸುವುದಿಲ್ಲ.

ಇದಕ್ಕೆ ಎಲ್ಲಾ ಆಸ್ಪತ್ರೆಗಳನ್ನೂ ಸರ್ಕಾರವೇ ನಡೆಸಬೇಕು ಅಂತೇನೂ ಇಲ್ಲ. ಜಪಾನಿನಲ್ಲಿ ಹೆಚ್ಚಿನ ಆಸ್ಪತ್ರೆಗಳು ಖಾಸಗಿಯವು. ಆದರೆ 1961ರಿಂದ ಎಲ್ಲರಿಗೂ ವಿಮೆ ಇದೆ, ಯಾವ ಚಿಕಿತ್ಸೆಗೆ ಎಷ್ಟು ಅನ್ನುವ ಪಟ್ಟಿಯನ್ನು ಸರ್ಕಾರ ಹಾಕುತ್ತದೆ, ರೋಗಿ ಕಟ್ಟುವ ಪಾಲಿಗೆ ತಿಂಗಳಿಗೊಂದು ಮಿತಿಯೂ ಇದೆ. ಕೆನಡಾದ ಕಥೆ ನನಗೆ ಇನ್ನೂ ಇಷ್ಟ. 1962ರ ಜುಲೈ 1ರಂದು ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಎಲ್ಲರ ಡಾಕ್ಟರ್ ಖರ್ಚನ್ನು ಸರ್ಕಾರ ಕೊಡುವ ಯೋಜನೆ ಜಾರಿಗೆ ಬಂತು. ಅವತ್ತೇ ಡಾಕ್ಟರುಗಳು ಮುಷ್ಕರ ಹೂಡಿದರು. ನಮ್ಮನ್ನು ಸರ್ಕಾರಿ ನೌಕರರನ್ನಾಗಿ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆ. 23 ದಿನ ನಡೆಯಿತು. ಕೊನೆಗೆ ರಾಜಿ ಆಯಿತು: ಡಾಕ್ಟರು ತಮ್ಮ ಸ್ವಂತ ಕ್ಲಿನಿಕ್ ನಡೆಸಲಿ, ಬಿಲ್ ಮಾತ್ರ ಸರ್ಕಾರಕ್ಕೆ ಬರಲಿ. ಹತ್ತು ವರ್ಷದೊಳಗೆ ಇಡೀ ದೇಶಕ್ಕೆ ಇದೇ ದಾರಿಯಾಯಿತು. ಕ್ಲಿನಿಕ್ ಖಾಸಗಿಯವರದ್ದೇ. ರೋಗಿಯ ಜೇಬಿಗೆ ಕೈ ಹಾಕುವಂತಿಲ್ಲ, ಅಷ್ಟೇ.

ಅಮೆರಿಕ ತನ್ನ ಆದಾಯದ ಶೇಕಡಾ 17ರಷ್ಟನ್ನು ಆರೋಗ್ಯಕ್ಕೆ ಸುರಿಯುತ್ತದೆ. ಬೇರೆ ಯಾವ ದೊಡ್ಡ ದೇಶವೂ ಅಷ್ಟು ಸುರಿಯುವುದಿಲ್ಲ. ಆದರೂ ಅಲ್ಲಿ ಎರಡು ಕೋಟಿಗೂ ಜಾಸ್ತಿ ಜನಕ್ಕೆ ವಿಮೆಯೇ ಇಲ್ಲ. ದುಡ್ಡು ಸಾಲದೆ ಹೀಗಾಗಿದೆ ಅಂತ ಹೇಗೆ ನಂಬುವುದು?

ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಇನ್ನೂ ಸ್ವಲ್ಪ ಹಿಡಿದುಕೊಳ್ಳಲಿ, ನನಗೆ ಒಪ್ಪಿಗೆ ಇದೆ. ಗಟ್ಟಿಮುಟ್ಟಾಗಿ ಓಡಾಡುವಾಗ ಕಟ್ಟುತ್ತೇನೆ. ನಾನು ಕಟ್ಟಿದ್ದು ಬೇರೆ ಯಾರಿಗೋ ಹೋಗುತ್ತದೆ ಅಂತ ಗೊತ್ತು. ಅದಕ್ಕೇ ಕಟ್ಟುತ್ತೇನೆ ಅನ್ನುತ್ತಿರುವುದು. ಆದರೆ ಆ ದುಡ್ಡಲ್ಲಿ ಮೊದಲು ಮಷಿನ್ ಮೇಲಿನ ಬೆಡ್‌ಶೀಟ್ ತೆಗೆಯಲಿ.

ಆ ರಾತ್ರಿ ಅಣ್ಣನ ದುಡ್ಡು ಬಂದು ನಾನು ರಸೀದಿ ತೆಗೆದುಕೊಂಡು ಪಕ್ಕಕ್ಕೆ ಸರಿದಾಗ, ನನ್ನ ಹಿಂದೆ ನಿಂತಿದ್ದ ಹೆಂಗಸು ಕಿಂಡಿಯ ಹತ್ತಿರ ಬಂದರು. ಹೆಗಲ ಮೇಲೆ ಮಗು ಮಲಗಿತ್ತು, ಕೈಯಲ್ಲಿ ಫೈಲು. "ಈಗ ಅರ್ಧ ಕಟ್ಟಿದ್ರೆ ಆಗುತ್ತಾ ಅಣ್ಣ?" ಅಂತ ಕೇಳಿದರು. ಹುಡುಗ ಏನು ಹೇಳಿದ ಅಂತ ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಅಪ್ಪನ ಸ್ಟ್ರೆಚರ್ ಲಿಫ್ಟಿನ ಕಡೆ ಹೊರಟಿತ್ತು.