ಎಳ್ಳಿಗೂ ಒಂದು ವಾರದ ದಿನ

ಮದ್ದೂರಿನ ಕಡೆಯ ನಮ್ಮ ಮನೆಯಲ್ಲಿ ಎಳ್ಳಿನ ಡಬ್ಬ ಕೈಗೆ ಸಿಗುವ ಜಾಗದಲ್ಲಿ ಇರುತ್ತಿರಲಿಲ್ಲ. ಸಂಕ್ರಾಂತಿಗೆ ಕೆಳಗಿಳಿಯುತ್ತಿತ್ತು. ಪಿತೃಪಕ್ಷಕ್ಕೆ ಕರಿಎಳ್ಳು ಬೇರೆ ಪೊಟ್ಟಣದಲ್ಲಿ ಬರುತ್ತಿತ್ತು. ನಡುವೆ ಪುಳಿಯೋಗರೆ ಗೊಜ್ಜು ಕಾಯಿಸಿದರೆ ಒಂದು ಹಿಡಿ. ಹಬ್ಬಕ್ಕೂ ಎಳ್ಳು ಬೇಕು, ತಿಥಿಗೂ ಬೇಕು, ಆದರೆ ಮಂಗಳವಾರದ ಮಧ್ಯಾಹ್ನದ ಊಟಕ್ಕೆ ಬೇಡ. ಉತ್ತರ ಕರ್ನಾಟಕದವರು ಇದನ್ನು ಒಪ್ಪಲಿಕ್ಕಿಲ್ಲ, ಅವರ ಸಜ್ಜೆ ರೊಟ್ಟಿಯ ಮೈಮೇಲೆ ಎಳ್ಳಿದೆ. ದಕ್ಷಿಣ ಕನ್ನಡದವರು ಅನಾನಸಿನ ಮೆಣಸ್ಕಾಯಿ ತೋರಿಸುತ್ತಾರೆ. ನಾನು ಹೇಳುತ್ತಿರುವುದು ನಮ್ಮ ಮಂಡ್ಯ ಸೀಮೆಯ ಮಾತು, ಅದರಲ್ಲೂ ಹುರುಳಿಕಾಯಿಯ ಮಾತು.

ಟೋಕಿಯೊದ ನಿಶಿಕಸಾಯ್‌ನಲ್ಲಿ ನಾವಿರುವ ಕಟ್ಟಡದ ಪಕ್ಕದ ಮನೆಯ ಅಜ್ಜಿಗೆ ಹುರುಳಿಕಾಯಿ ಎಂದರೆ ಎಳ್ಳು. ಆಕೆ ಮಾಡುವುದಕ್ಕೆ ಗೊಮಾ-ಅಯೆ ಎಂದು ಹೆಸರು. ಗೊಮಾ ಅಂದರೆ ಎಳ್ಳು, ಅಯೆ ಅಂದರೆ ಬೆರೆಸಿ ಕಲಸಿದ್ದು. ಹುರುಳಿಕಾಯಿಗೆ ಇಲ್ಲಿ ಇಂಗೆನ್ ಅನ್ನುತ್ತಾರೆ. 1654ರಲ್ಲಿ ಚೀನಾದಿಂದ ನಾಗಸಾಕಿಗೆ ಬಂದಿಳಿದ ಇಂಗೆನ್ ಎಂಬ ಝೆನ್ ಗುರುವಿನ ಹೆಸರು ಅದು. ಅವರು ತಂದದ್ದು ಹುರುಳಿಕಾಯಿಯಲ್ಲ, ಅವರೆ ಎನ್ನುವವರೂ ಇದ್ದಾರೆ. ಒಸಾಕಾ, ಕ್ಯೋಟೊ ಕಡೆ ಇಂಗೆನ್ ಕಾಳು ಅಂದರೆ ಅವರೆ ಎಂದೇ ಅರ್ಥವಾಗುವ ರೂಢಿಯೂ ಇದೆ. ಸೊಗಡವರೆಗಾಗಿ ಚಳಿಗಾಲ ಕಾಯುತ್ತಾ ಬೆಳೆದ ನನಗೆ ಇದನ್ನು ಕೇಳಿದ ದಿನ ಆದ ಸಂತೋಷ ಸಣ್ಣದಲ್ಲ.

ಅಜ್ಜಿ ಮಾಡುವುದನ್ನು ಪಕ್ಕದಲ್ಲಿ ನಿಂತು ಕಲಿತೆ. 150 ಗ್ರಾಂ ಎಳೆಯ ಕಾಯಿ. ಕುದಿಯುವ ನೀರಿಗೆ ಉಪ್ಪು, ಅದಕ್ಕೆ ಕಾಯಿ ಇಡಿಯಾಗಿ. ಮುಚ್ಚಳ ಮುಚ್ಚುವ ಹಾಗಿಲ್ಲ. ಎರಡು ಮೂರು ನಿಮಿಷಕ್ಕೆ ತೆಗೆದು ಬಿದಿರಿನ ಜರಡಿಯ ಮೇಲೆ ಹರಡುವುದು. ತಣ್ಣೀರಿಗೆ ಹಾಕಿದರೆ ಕಾಯಿ ನೀರು ಹಿಡಿದು ರುಚಿ ತೆಳುವಾಗುತ್ತದೆ, ಅದಕ್ಕೇ ಬರೀ ಗಾಳಿಗೆ ಆರಿಸುತ್ತಾರೆ. ಆರಿದ ಮೇಲೆ ಬೆರಳುದ್ದಕ್ಕೆ ಕತ್ತರಿಸುವುದು. ಅಷ್ಟರಲ್ಲಿ ಎರಡು ದೊಡ್ಡ ಚಮಚ ಎಳ್ಳು ಸಣ್ಣ ಉರಿಯಲ್ಲಿ ಹುರಿದು, ನಾಲ್ಕೈದು ಕಾಳು ಚಟ್ ಅಂದ ಕೂಡಲೇ ಇಳಿಸಿ ಸುರಿಬಾಚಿಗೆ ಹಾಕಬೇಕು. ಅದು ಮಣ್ಣಿನ ಒರಳು, ಒಳಮೈ ತುಂಬ ಬಾಚಣಿಗೆ ಎಳೆದ ಹಾಗೆ ಗೀರುಗಳು. ನಮ್ಮ ಕುಟ್ಟಾಣಿಯ ಹಾಗೆ ಕುಟ್ಟುವುದಿಲ್ಲ, ಮರದ ಕೋಲನ್ನು ಸುತ್ತ ಆಡಿಸಿ ಅರೆಯುತ್ತಾರೆ. ಅರ್ಧ ಕಾಳು ಪುಡಿಯಾಗಿ ಅರ್ಧ ಉಳಿದಾಗ ನಿಲ್ಲಿಸಬೇಕು. ಎರಡು ಸಣ್ಣ ಚಮಚ ಸಕ್ಕರೆ, ಒಂದು ದೊಡ್ಡ ಚಮಚಕ್ಕೆ ತುಸು ಕಡಿಮೆ ಸೋಯಾ ಸಾಸ್ ಬೆರೆಸಿ, ಊಟಕ್ಕೆ ಕೂರುವ ಹೊತ್ತಿಗೆ ಕಾಯಿಗೆ ಕಲಸುವುದು. ಮೊದಲೇ ಕಲಸಿಟ್ಟರೆ ಕಾಯಿ ನೀರು ಬಿಡುತ್ತದೆ. ಡಬ್ಬಿ ಊಟಕ್ಕಾದರೆ ಎಳ್ಳು ಇನ್ನೊಂದು ಚಮಚ ಹೆಚ್ಚು, ಬಿಟ್ಟ ನೀರನ್ನು ಅದೇ ಹೀರಿಕೊಳ್ಳುತ್ತದೆ. ಅಂಗಡಿಯಲ್ಲಿ ಅರೆದ ಎಳ್ಳಿನ ಪೊಟ್ಟಣ ಸಿಗುತ್ತದೆ, ಅದರಲ್ಲಿ ಆ ಘಮ ಉಳಿದಿರುವುದಿಲ್ಲ. ಇನ್ನೊಂದು: ಮಾಂಸ-ಮೀನು ತಿನ್ನದವರು ಹೊರಗೆ ಮಾರುವ ಗೊಮಾ-ಅಯೆ ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು. ಅದರಲ್ಲಿ ಒಣಮೀನಿನ ದಾಶಿ ತಿಳಿ ಬೆರೆತಿರಬಹುದು.

ಇವರ ಅಡುಗೆ ಸಪ್ಪೆ ಅನ್ನುವ ನಮ್ಮವರನ್ನು ಇಲ್ಲಿ ಬಹಳ ಕೇಳಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ಹುರುಳಿಕಾಯಿ ಪಲ್ಯದಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಕಾಯಿತುರಿ ಎಲ್ಲದರ ರುಚಿಯೂ ನಾಲಗೆಗೆ ಬರುತ್ತದೆ, ಹುರುಳಿಕಾಯಿಯದೊಂದು ಬಿಟ್ಟು. ಸಣ್ಣಗೆ ಹೆಚ್ಚಿ, ಮುಚ್ಚಿ, ಮೆತ್ತಗಾಗುವ ತನಕ ಬೇಯಿಸಿದ ಮೇಲೆ ಅದರಲ್ಲಿ ಉಳಿಯುವುದಾದರೂ ಏನು? ಮುಚ್ಚಿದ ಪಾತ್ರೆಯಲ್ಲಿ ಕಾಯಿಯೊಳಗಿನ ಹುಳಿಯಂಶ ಆವಿಯ ಜೊತೆ ಹೊರಹೋಗದೆ ಹಸಿರನ್ನು ಕೆಡಿಸುತ್ತದೆ. ಮದುವೆ ಮನೆಯ ಪಲ್ಯ ಮಾಸಲು ಬಣ್ಣಕ್ಕೆ ತಿರುಗುವುದು ಹೀಗೆ. ಜೊತೆಗೆ, ಊರಲ್ಲಿ ತೆಂಗಿನಕಾಯಿ ಹಿತ್ತಲಲ್ಲೇ ಇರುತ್ತದೆ, ಇಲ್ಲಿ ಹೆಪ್ಪುಗಟ್ಟಿದ ತುರಿ. ಅದನ್ನು ಹಾಕಿ ಅವ್ವನ ಪಲ್ಯ ಬರಲಿಲ್ಲ ಎಂದು ಕೊರಗುವುದಕ್ಕಿಂತ ಎಳ್ಳು ಹುರಿಯುವುದು ಮೇಲು.

ಆದರೆ ಒಂದು ವಿಷಯದಲ್ಲಿ ಅಜ್ಜಿಯ ದಾರಿ ನನ್ನದಲ್ಲ. ಆಕೆ ಕಾಯಿ ಬೇಯಿಸಿದ ನೀರನ್ನು ತೊಟ್ಟಿಗೆ ಚೆಲ್ಲಿಬಿಡುತ್ತಾರೆ. ಬಸ್ಸಾರಿನ ನಾಡಿನವನ ಕೈಲಿ ಅದು ಆಗುವುದಿಲ್ಲ. ಹುರುಳಿಕಾಯಿ, ಬೇಳೆ ಬೇಯಿಸಿ, ಕಟ್ಟು ಬಸಿದು ಸಾರಿಗೆ ಇಟ್ಟುಕೊಂಡು, ಬಸಿದ ಕಾಯಿಗೆ ಒಗ್ಗರಣೆ ಹಾಕುವುದು ನಮ್ಮ ಕ್ರಮ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಗುತ್ತದೆ. ಎರಡು ನಿಮಿಷದಲ್ಲಿ ನೀರಿಗೆ ಹೆಚ್ಚೇನೂ ಇಳಿದಿರುವುದಿಲ್ಲ, ನಿಜ. ಆದರೂ ನಾನು ಅದನ್ನು ಬೇಳೆಗೆ ಹಾಕುತ್ತೇನೆ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಎಳ್ಳು ಬೀರಿ ಮುಗಿದ ಮೇಲೆ ಹುರಿದ ಬಿಳಿ ಎಳ್ಳು ಒಂದು ಬಟ್ಟಲು ಉಳಿದಿತ್ತು. ಮಾರನೇ ದಿನ ಹುರುಳಿಕಾಯಿ ತಂದು ಉಪ್ಪುನೀರಿಗೆ ಹಾಕಿದೆ. ಎಳ್ಳನ್ನು ಒರಳಲ್ಲಿ ಅರ್ಧಂಬರ್ಧ ಅರೆದು, ಸಕ್ಕರೆ ಬದಲು ಬೆಲ್ಲ, ಸೋಯಾ ಸಾಸ್ ಬದಲು ಉಪ್ಪು ಮತ್ತು ಒಂದು ಎಳೆ ಹುಣಸೆಯ ರಸ ಸೇರಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಎಲ್ಡು ಕುದಿಗೇ ತಗ್ದ್‌ಬುಟ್ಯಲ್ಲ ಮಗಾ, ಬೆಂದದಾ?” ಅಂದಳು. ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿದಳು. ಇನ್ನೊಂದು ತೆಗೆದುಕೊಂಡಳು. “ಉಪ್ಪು ಒಸಿ ಮುಂದಾಗದೆ. ಎಳ್ಳು ಚೆನ್ನಾಗದೆ.”

ಬಸಿದ ನೀರು ಎಲ್ಲಿ ಎಂದು ತಿರುಗಿ ನೋಡಿದೆ. ಅವ್ವ ಅದನ್ನು ಆಗಲೇ ಸಾರಿನ ಪಾತ್ರೆಗೆ ಸುರಿದಿದ್ದಳು.