ಗಂಟಿನ ಕಥೆ

ಹೊಟ್ಟೆಪಾಡಿಗೆ ನಾನು ಮಾಡುವುದು ಗೇರ್‌ಬಾಕ್ಸ್ ಕೆಲಸ. ಕಾರಿನ ಗೇರುಗಳು ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತವೋ ಇಲ್ಲವೋ ನೋಡುತ್ತ ಹನ್ನೆರಡು ವರ್ಷ ಕಳೆದಿದ್ದೇನೆ. ಅಂಥವನು ಹೋಗಿ ಹೋಗಿ ಒಂದೂ ಗೇರ್ ಇಲ್ಲದ ರೀಲಿಗೆ, ಅಂದರೆ ಮೀನು ಹಿಡಿಯುವ ಕೋಲಿನಲ್ಲಿ ದಾರ ಸುತ್ತಿಡುವ ಸಾಧನಕ್ಕೆ, ನೂರೈವತ್ತು ಪೌಂಡ್ ಸುರಿದು ಬಂದೆ.

"ಇದರಲ್ಲಿ ಏನೇನಿದೆ?" ಎಂದು ಕೇಳಿದಳು ಹೆಂಡತಿ.

"ಗೇರ್ ಇಲ್ಲ, ಬ್ರೇಕ್ ಇಲ್ಲ, ದಾರ ಹಿಡಿಯುವ ಕಂಬಿ ಇಲ್ಲ."

"ಇಲ್ಲದ್ದನ್ನ ಯಾರು ಕೇಳಿದ್ರು? ಇರೋದೇನು?"

ಒಂದು ಮೊಳೆ, ಅದರ ಮೇಲೆ ತಿರುಗುವ ಒಂದು ಡಬ್ಬಿ ಎಂದೆ. ಅವಳು ಡಬ್ಬಿಯನ್ನು ಬೆರಳಿನಿಂದ ಒಮ್ಮೆ ತಿರುವಿದಳು. ಒಳಗೆ ಹೋಗಿ ಒಲೆ ಆರಿಸಿ ಬಂದಳು. ಅದು ಇನ್ನೂ ತಿರುಗುತ್ತಲೇ ಇತ್ತು.

"ನಮ್ಮಜ್ಜಿ ಮನೆ ಬಾವಿ ರಾಟೆ" ಅಂದಳು. "ಅದು ಕಿರ್ರ್ ಅಂತಿತ್ತು, ಇದು ಅನ್ನಲ್ಲ. ಅದಕ್ಕಾ ನೂರೈವತ್ತು ಪೌಂಡು?"

ಇಂಥ ರೀಲಿಗೆ ಸೆಂಟರ್‌ಪಿನ್ ಎಂದು ಹೆಸರು. ಅದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ಬಾವಿಗೆ ಬಿಂದಿಗೆ ಬಿಡುವಾಗ ಹಗ್ಗ ತಾನಾಗಿ ಓಡುತ್ತದೆ, ಅಂಗೈಯೇ ಬ್ರೇಕು. ಇಲ್ಲೂ ಅಷ್ಟೇ. ಬಿಂದಿಗೆಯ ಬದಲು ಬೆಂಡು, ಬಾವಿಯ ಬದಲು ಹೊಳೆ, ಅಂಗೈ ಬದಲು ಹೆಬ್ಬೆರಳು. ಹೊಳೆಯ ಸೆಳವು ಬೆಂಡನ್ನು ಎಳೆದುಕೊಂಡು ಹೋಗುತ್ತದೆ, ಬೆಂಡು ದಾರವನ್ನು ಎಳೆಯುತ್ತದೆ, ದಾರ ಡಬ್ಬಿಯನ್ನು ತಿರುಗಿಸುತ್ತದೆ. ಗಾಳಕ್ಕೆ ಚುಚ್ಚಿದ ಹುಳ, ಯಾರೂ ಹಿಡಿದಿಲ್ಲವೇನೋ ಎಂಬಂತೆ ನೀರಿನ ವೇಗದಲ್ಲೇ ತೇಲಿ ಹೋಗಿ ಮೀನನ್ನು ನಂಬಿಸುತ್ತದೆ. ಇಲ್ಲಿನವರು ಇದನ್ನು ಟ್ರಾಟಿಂಗ್ ಅನ್ನುತ್ತಾರೆ.

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಹುಚ್ಚು ಹಿಡಿಯಲು ಊರೇ ಕಾರಣ. ಟ್ರೆಂಟ್ ನದಿ ಊರ ಪಕ್ಕದಲ್ಲೇ ಹರಿಯುತ್ತದೆ. ಇದೇ ನದಿಯ ದಂಡೆಯ ಜನ ಹಿಂದೆ ಮರದ ರೀಲಿನಿಂದ ಬೆಂಡು ತೇಲಿಬಿಡುವುದನ್ನು ಎಷ್ಟು ಚೆನ್ನಾಗಿ ರೂಢಿಸಿಕೊಂಡರೆಂದರೆ, ಆ ರೀಲಿಗೆ ನಾಟಿಂಗ್‌ಹ್ಯಾಮ್ ರೀಲ್ ಎಂದೇ ಹೆಸರು ಬಿತ್ತು. ಆಮೇಲೆ 19ನೇ ಶತಮಾನದ ಕೊನೆಗೆ ಇದೇ ಊರಿನ ಹೆನ್ರಿ ಕಾಕ್ಸನ್ ಎಂಬಾತ ಸೈಕಲ್ ಚಕ್ರದಂತೆ ಕಡ್ಡಿಗಳಿರುವ ಹಗುರ ರೀಲಿನ ಯೋಚನೆ ಮಾಡಿದ. ರೆಡಿಚ್‌ನ ಆಲ್‌ಕಾಕ್ ಕಂಪನಿ ಅದನ್ನು ಏರಿಯಲ್ ಎಂಬ ಹೆಸರಿನಲ್ಲಿ ತಯಾರಿಸಿತು. ರೆಡಿಚ್ ಅಂದರೆ ಸೂಜಿಗೆ ಹೆಸರಾದ ಊರು, ನಮ್ಮ ಎನ್‌ಫೀಲ್ಡ್ ಬುಲೆಟ್ ಹುಟ್ಟಿದ ಊರು ಕೂಡ. ನಾಟಿಂಗ್‌ಹ್ಯಾಮ್ ಲೇಸಿಗೆ, ಅಂದರೆ ನೂಲಿಗೆ ಹೆಸರಾದ ಊರು. ಒಂದೂರಿನ ಸೂಜಿ, ಇನ್ನೊಂದೂರಿನ ದಾರ. ನಡುವೆ ಗಂಟು ಹಾಕಲು ಮಳವಳ್ಳಿ ತಾಲೂಕಿನಿಂದ ನಾನು.

ಮೊದಲು ಕೊಂಡದ್ದು ನೂರೈವತ್ತರದ್ದಲ್ಲ. ಹಳೇ ಏರಿಯಲ್‌ಗಳ ಬೆಲೆ ಕೇಳಿ ಎದೆ ಹಿಡಿದುಕೊಂಡವನು, ಆನ್‌ಲೈನ್ ಹರಾಜಿನಲ್ಲಿ ಇಪ್ಪತ್ತೆರಡು ಪೌಂಡಿಗೆ ಒಂದು ಮರದ ರೀಲು ತರಿಸಿದೆ. ಆಕ್ರೋಟ್ ಮರ, ಹಿಂಬದಿಗೆ ನಕ್ಷತ್ರದ ಆಕಾರದ ಹಿತ್ತಾಳೆ ಪಟ್ಟಿ. ದೇವರ ಮನೆಯಲ್ಲಿ ಇಡುವಂತಿತ್ತು. ಮೇಜಿನ ಮೇಲೆ ಬೆಣ್ಣೆಯಂತೆ ತಿರುಗಿತು. ಹೊಳೆಗೆ ಒಯ್ದ ದಿನ ಮಳೆ ಬಂತು. ಮರ ನೀರು ಕುಡಿದು ಉಬ್ಬಿತು. ನಮ್ಮೂರ ಮನೆಗಳ ಬಾಗಿಲು ಆಷಾಢದಲ್ಲಿ ಹೇಗೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೋ ಹಾಗೆ ಕಚ್ಚಿಕೊಂಡಿತು. ಈಗ ಅದು ನಿಜಕ್ಕೂ ದೇವರ ಮನೆಯಲ್ಲೇ ಇದೆ.

ಆಮೇಲೆ ಅಂಗಡಿಗೆ ಹೋದೆ. ಅಲ್ಲಿ ಏಳೆಂಟು ಅಲ್ಯುಮಿನಿಯಂ ರೀಲುಗಳು. ನಾನು ಎಂಜಿನಿಯರ್ ತಾನೇ? ಒಂದೊಂದನ್ನೂ ತಿರುವಿ, ಮೊಬೈಲಿನಲ್ಲಿ ಸಮಯ ಬರೆದುಕೊಂಡೆ. ಹೆಚ್ಚು ಹೊತ್ತು ತಿರುಗಿದ್ದೇ ಶ್ರೇಷ್ಠ ಎಂಬ ಲೆಕ್ಕ. ಅಂಗಡಿಯವನು ಮೆಲ್ಲಗೆ ಹೇಳಿದ: "ಎಷ್ಟು ಹೊತ್ತು ತಿರುಗುತ್ತೆ ಅನ್ನೋದಲ್ಲ, ಎಷ್ಟು ಸುಲಭವಾಗಿ ಶುರುವಾಗುತ್ತೆ ಅನ್ನೋದನ್ನ ನೋಡಬೇಕು." ನಾನು ವಿನಯದಿಂದ ತಲೆಯಾಡಿಸಿ, ಹೆಚ್ಚು ಹೊತ್ತು ತಿರುಗಿದ್ದನ್ನೇ ಕೊಂಡೆ.

ಅವನು ಹೇಳಿದ್ದು ಎಂಜಿನಿಯರಿಂಗ್ ಎರಡನೇ ಸೆಮಿಸ್ಟರಿನ ಪಾಠ. ಭಾರದ ಡಬ್ಬಿ ಒಮ್ಮೆ ಓಡತೊಡಗಿದರೆ ನಿಲ್ಲುವುದಿಲ್ಲ, ಅದಕ್ಕೇ ಜಾಸ್ತಿ ಹೊತ್ತು ತಿರುಗುತ್ತದೆ. ಆದರೆ ಮೆಲ್ಲಗೆ ಹರಿಯುವ ನೀರಿನಲ್ಲಿ ಪುಟ್ಟ ಬೆಂಡು ಅದನ್ನು ಅಲುಗಿಸಲೇ ಆರದು. ಹಗುರ ಡಬ್ಬಿ ಬೇಗ ಏಳುತ್ತದೆ, ಬೇಗ ನಿಲ್ಲುತ್ತದೆ. ಫ್ಲೈವೀಲಿನ ಮೇಲೆ ಪರೀಕ್ಷೆ ಬರೆದು ಪಾಸಾದವನು ನಾನು. ಅಂಗಡಿಯಲ್ಲಿ ಮಾತ್ರ ನಾನು ಎಂಜಿನಿಯರ್ ಆಗಿರಲಿಲ್ಲ, ಜಾತ್ರೆಯಲ್ಲಿ ಬುಗುರಿ ಆರಿಸುವ ಹುಡುಗನಾಗಿದ್ದೆ.

ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ನಾನು ಹಿಡಿಯಲು ಹೊರಟಿದ್ದಂಥ ಮೀನು ಹಿಡಿಯುವಂತಿಲ್ಲ. ನಾನು ಕೊಂಡದ್ದು ಏಪ್ರಿಲ್‌ನಲ್ಲಿ. ಹಿತ್ತಲಿನಲ್ಲೇ ಅಭ್ಯಾಸ ಶುರುವಾಯಿತು, ಗಾಳ ಕಟ್ಟದೆ, ಬರೀ ಬೆಂಡು. ಮಾಮೂಲಿ ರೀಲಿನಲ್ಲಿ ಕಂಬಿ ತೆರೆದು ಬೀಸಿದರೆ ದಾರ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಇದರಲ್ಲಿ ಹಾಗಲ್ಲ. ವಾಲಿಸ್ ಕಾಸ್ಟ್ ಎಂಬ ಒಂದು ವಿದ್ಯೆಯಿದೆ. ಎಡಗೈ ದಾರವನ್ನು ಪಕ್ಕಕ್ಕೆ ಎಳೆದು ಡಬ್ಬಿಯನ್ನು ಓಡಿಸಬೇಕು, ಅದೇ ಹೊತ್ತಿಗೆ ಬಲಗೈ ಕೋಲು ಬೀಸಬೇಕು, ಬೆಂಡು ನೀರು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಹೆಬ್ಬೆರಳು ಡಬ್ಬಿಯನ್ನು ನಿಲ್ಲಿಸಬೇಕು. ತಡವಾದರೆ ಬೆಂಡು ನಿಂತರೂ ಡಬ್ಬಿ ಓಡುತ್ತಿರುತ್ತದೆ. ಬಿಚ್ಚಿಕೊಂಡ ದಾರಕ್ಕೆ ಹೋಗಲು ಜಾಗವಿಲ್ಲ. ಅದು ಅಲ್ಲೇ ಶಾವಿಗೆಯಾಗುತ್ತದೆ.

ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ನಾನು ಮಾಡಿದಷ್ಟು ಶಾವಿಗೆಯನ್ನು ನಮ್ಮೂರಿನ ಎಲ್ಲ ಅತ್ತೆಯರು ಸೇರಿ ಮಾಡಿರಲಾರರು. ಒಂದು ಸಂಜೆ ಬೆಂಡು ಬೇಲಿ ದಾಟಿ ಪಕ್ಕದ ಮನೆಯ ತೋಟಕ್ಕೆ ಹೋಯಿತು. ಅಲ್ಲಿ ಕೆಂಪು ಟೋಪಿಯ ಕುಳ್ಳ ಬೊಂಬೆಯೊಂದು ಪುಟ್ಟ ಕೋಲು ಹಿಡಿದು ಹೂವಿನ ಮಡಿಗೆ ಗಾಳ ಹಾಕಿ ಕೂತಿರುತ್ತದೆ. ನನ್ನ ದಾರ ಹೋಗಿ ಅವನ ಕೋಲಿಗೇ ಸುತ್ತಿಕೊಂಡಿತು. ನಾನು ಎಳೆದೆ, ಅವನು ಬಿಡಲಿಲ್ಲ. ಕೊನೆಗೆ ಪಕ್ಕದ ಮನೆಯಾಕೆ ಬಂದು ಇಬ್ಬರನ್ನೂ ಬಿಡಿಸಿದಳು. "ಅವನು ಹತ್ತು ವರ್ಷದಿಂದ ಏನೂ ಹಿಡಿದಿರಲಿಲ್ಲ. ಇವತ್ತು ನಿನ್ನನ್ನ ಹಿಡಿದ" ಅಂದಳು. ಈಗಲೂ ಎದುರು ಸಿಕ್ಕರೆ ಬೊಂಬೆಯ ಪರವಾಗಿ ನನ್ನ ಆರೋಗ್ಯ ವಿಚಾರಿಸುತ್ತಾಳೆ.

ಜೂನ್ 16ರ ಬೆಳಿಗ್ಗೆ ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ಟ್ರೆಂಟ್ ದಂಡೆಯ ಮೆಟ್ಟಿಲುಗಳ ಮೇಲೆ ಹೋಗಿ ನಿಂತೆ. ಕೂಗಳತೆಯಲ್ಲಿ ಟ್ರೆಂಟ್ ಬ್ರಿಜ್ ಕ್ರಿಕೆಟ್ ಮೈದಾನ. ನಮ್ಮ ದ್ರಾವಿಡ್ 2002ರಲ್ಲಿ 115, 2011ರಲ್ಲಿ 117 ಹೊಡೆದ ಜಾಗ. ಗಾಳಕ್ಕೆ ಹಾಕಲು ಬಿಳಿ ಹುಳ ತಂದಿದ್ದೆ. ಇಲ್ಲಿ ಹುಳವನ್ನು ಬಿಯರಿನ ಹಾಗೆ ಪೈಂಟ್ ಲೆಕ್ಕದಲ್ಲಿ ಮಾರುತ್ತಾರೆ. ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟದ್ದು, ಮುಚ್ಚಳ ಸರಿಯಾಗಿ ಕೂರದೆ ಹೋದದ್ದು, ಆಮೇಲೆ ಆದದ್ದು ಬೇರೆಯೇ ಕಥೆ. ಅದನ್ನು ಬರೆಯಕೂಡದೆಂದು ಮನೆಯಲ್ಲಿ ಆಜ್ಞೆಯಾಗಿದೆ.

ಬೆಂಡು ಬಿಟ್ಟೆ. ಹತ್ತಡಿ ಹೋಯಿತು. ಗಾಳಿ ಬೀಸಿತು. ಸಡಿಲವಾಗಿದ್ದ ದಾರ ಡಬ್ಬಿಯ ಹಿಂದಕ್ಕೆ ಜಾರಿ ಮೊಳೆಗೆ ಸುತ್ತಿಕೊಂಡಿತು. ಬಿಡಿಸಿದೆ. ಮತ್ತೆ ಬಿಟ್ಟೆ. ಡಬ್ಬಿ ಏಳಲೇ ಇಲ್ಲ. ಬೆರಳಿನಿಂದ ತಳ್ಳಿದೆ, ಎದ್ದದ್ದೇ ನಿಲ್ಲದೆ ಓಡಿತು. ಶಾವಿಗೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಅದೇ ಥರದ ರೀಲು ಹಿಡಿದು, ಮಗುವಿನ ತೊಟ್ಟಿಲು ತೂಗುವ ಹಾಗೆ ಬೆಂಡನ್ನು ನಲವತ್ತು ಗಜ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಒಂದು ಗಂಟೆ ನನ್ನನ್ನು ನೋಡಿದರು. ಅಷ್ಟರಲ್ಲಿ ನಾನು ಮೀನಿಗೆ ದಾರ ತೋರಿಸಿದ್ದು ಆರು ನಿಮಿಷ ಇರಬಹುದು, ಉಳಿದದ್ದೆಲ್ಲ ಗಂಟು ಬಿಡಿಸುವುದರಲ್ಲೇ ಹೋಗಿತ್ತು.

ಕೊನೆಗೆ ಎದ್ದು ಬಂದರು. ನನ್ನ ರೀಲು ನೋಡಿ ಮೊದಲು ಕೇಳಿದ್ದು, "ಎಷ್ಟು ದಾರ ತುಂಬಿದ್ದೀಯ?" ಕಂಠಮಟ್ಟ ತುಂಬಿದ್ದೆ, ಕೊಟ್ಟ ದುಡ್ಡಿಗೆ ಮೋಸ ಆಗಬಾರದಲ್ಲ. ಅರ್ಧಕ್ಕರ್ಧ ಕತ್ತರಿಸಿ ಹಾಕಿದರು. ತುಂಬಿದ ಡಬ್ಬಿಯಿಂದ ದಾರ ಅಂಚು ದಾಟಿ ಜಾರುತ್ತದಂತೆ, ನೂರು ಗಜ ಇದ್ದರೆ ಬೇಕಾದಷ್ಟಾಯಿತಂತೆ. ವಾಲಿಸ್ ಗೀಲಿಸ್ ಈಗ ಬೇಡ, ಕೋಲಿನ ಉಂಗುರಗಳ ನಡುವಿನ ದಾರವನ್ನು ಬೆರಳಲ್ಲಿ ಎರಡು ಮೂರು ಕುಣಿಕೆ ಎಳೆದುಕೊಂಡು ಮೆಲ್ಲಗೆ ತೂರು ಅಂದರು. ಆಮೇಲೆ ನನ್ನ ಹೆಬ್ಬೆರಳನ್ನು ಹಿಡಿದು ಡಬ್ಬಿಯ ಅಂಚಿನ ಮೇಲಿಟ್ಟರು. "ಒತ್ತಬೇಡ. ತಾಗಿಸು."

ನಾನು ಒತ್ತಿದೆ. ಬೆಂಡು ಗಕ್ಕನೆ ನಿಂತಿತು.

"ತಾಗಿಸು ಅಂದೆ."

ಕಾಲು ಇಂಚಿನ ಆ ತಾಗುವಿಕೆಗೆ ನನಗೆ ಹಿಡಿದದ್ದು ಒಂದು ಬೇಸಿಗೆ. ಸ್ಲಿಪ್ಪಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತವರ ಎದುರು ದ್ರಾವಿಡ್ ಚೆಂಡನ್ನು ಕಾಲ ಬುಡಕ್ಕೆ ಬೀಳಿಸುತ್ತಿದ್ದರಲ್ಲ, ಬ್ಯಾಟು ಹಿಡಿದೂ ಹಿಡಿಯದ ಹಾಗೆ, ಅದು. ಸ್ವಲ್ಪವೇ ತಡೆದರೆ ಬೆಂಡು ಹಿಂದೆ ಉಳಿದು ಹುಳ ಮುಂದೆ ತೇಲುತ್ತದೆ, ನೀರಿನಲ್ಲಿ ಒಂಚೂರು ಮೇಲೇಳುತ್ತದೆ. ಮೀನು ಎಷ್ಟೋ ಸಲ ಕಚ್ಚುವುದು ಆಗಲೇ. ವಾಪಸ್ ಸುತ್ತುವುದು ಬೇರೆ ಗೋಳು. ಗೇರಿಲ್ಲವಲ್ಲ, ಒಂದು ಸುತ್ತಿಗೆ ಬರುವುದು ಸುಮಾರು ಒಂದಡಿ ದಾರ. ಮೂವತ್ತು ಮೀಟರಿಗೆ ನೂರು ಸುತ್ತು. ಅಜ್ಜ ಹಿಡಿ ಮುಟ್ಟದೆ ಡಬ್ಬಿಯನ್ನು ಅಂಗೈಯಲ್ಲಿ ಪಟಪಟ ಬಡಿದು ಸುತ್ತುತ್ತಿದ್ದರು, ರೊಟ್ಟಿ ತಟ್ಟಿದ ಹಾಗೆ.

ನವೆಂಬರ್‌ನಲ್ಲಿ ಹಗುರವಾದ ಇನ್ನೊಂದು ರೀಲು ಕೊಂಡು (ಈ ಗಂಟು ಎಷ್ಟೆಂದು ಹೆಂಡತಿಗೆ ಗೊತ್ತಿಲ್ಲ, ಅವಳು ಇದನ್ನು ಓದುವುದೂ ಬೇಡ) ಡರ್ವೆಂಟ್ ನದಿಗೆ ಹೋದೆ. ಡರ್ಬಿ ಕಡೆಯಿಂದ ಬಂದು ಟ್ರೆಂಟ್ ಸೇರುವ ಚಿಕ್ಕ ಹೊಳೆ, ಕಲಿಯುವವರಿಗೆ ಸಲೀಸು. ಅಮ್ಮ ಹೆಣೆದು ಕಳಿಸಿದ್ದ ಸ್ವೆಟರ್ ಹಾಕಿದ್ದೆ. ತೋಳಿನ ಅಂಚಿನ ಒಂದೆಳೆ ಡಬ್ಬಿಯ ಹಿಡಿಗೆ ಸಿಕ್ಕಿಕೊಂಡದ್ದು ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ಮೀನು ಕಚ್ಚಬೇಕೇ! ಡಬ್ಬಿ ಗಿರ್ರನೆ ತಿರುಗಿತು. ಹಿಡಿಗಳು ಟಕಟಕ ಎಂದು ನನ್ನ ಬೆರಳ ಗೆಣ್ಣಿಗೆ ಬಡಿದವು. ದಾರ ಹೊರಗೆ ಹೋದ ಹಾಗೆಲ್ಲ ಸ್ವೆಟರ್ ಒಳಗೆ ಬಂತು. ಮೀನು ಬಿಡಿಸಿಕೊಂಡು ಹೋಯಿತು. ಸ್ವೆಟರಿನ ಬಲತೋಳು ಮೊಣಕೈಗೆ ಬಂದು ನಿಂತಿತು. ವೀಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಈಗಲೂ ಎಡಗೈ ಮಾತ್ರ ತೋರಿಸುತ್ತೇನೆ.

ಆ ಚಳಿಯಲ್ಲಿ ಹುಳ ಬೇಸರವಾಯಿತು. (ಫ್ರಿಜ್ಜಿಗೂ ಪ್ರವೇಶವಿರಲಿಲ್ಲ.) ಆಗ ನೆನಪಾದದ್ದು ರಾಗಿ. ನಮ್ಮ ಕಾವೇರಿಯಲ್ಲಿ ಮಹಸೀರ್ ಹಿಡಿಯಲು ಬರುತ್ತಿದ್ದ ಇಂಗ್ಲಿಷರು ಗಾಳಕ್ಕೆ ರಾಗಿ ಉಂಡೆಯನ್ನೇ ಕಟ್ಟುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದಿದ್ದರು, 54 ಕಿಲೋ! ಡರ್ವೆಂಟಿನಲ್ಲಿರುವ ಚಬ್ ಮೀನೂ ಮಹಸೀರಿನ ಹಾಗೆ ಕಾರ್ಪ್ ಬಳಗದ್ದೇ. ಬ್ರೆಡ್ಡು, ಚೀಸು, ಏನು ಕೊಟ್ಟರೂ ತಿನ್ನುವ ದೊಡ್ಡ ಬಾಯಿ. ಮುದ್ದೆ ಬೇಡ ಅನ್ನುತ್ತದೆಯೇ? ಗಟ್ಟಿ ಮುದ್ದೆ ಕಟ್ಟಿ ಡಬ್ಬಿಯಲ್ಲಿ ಒಯ್ದೆ. ಗೋಲಿಯಷ್ಟು ಗಾತ್ರದ್ದನ್ನು ಗಾಳಕ್ಕೆ ಹಚ್ಚಿದೆ. ಬೆಂಡು ಬಿಟ್ಟೆ. ತಾಗಿಸಿದೆ, ಒತ್ತಲಿಲ್ಲ. ಮರದ ಬೇರಿನ ಬಳಿ ಬೆಂಡು ಮುಳುಗಿತು.

ಮೂರು ಪೌಂಡಿನ ಚಬ್. ಫೋಟೊ ತೆಗೆದು ನೀರಿಗೆ ಬಿಟ್ಟೆ. ಮಾವ ಫೋಟೊ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಮುದ್ದೆ ಇತ್ತು, ಮೀನೂ ಇತ್ತು. ಸಾರು ಮಾಡೋಕೆ ಏನಾಗಿತ್ತು?"

ಟ್ರೆಂಟಿನ ಅಜ್ಜನಿಗೆ ವಿಷಯ ಹೇಳಿದೆ. ಅವರು ಮುದ್ದೆಯನ್ನು ಮೂಸಿದರು, ಚಾಕೊಲೇಟಾ ಎಂದರು, ಒಂದು ಚೂರು ಬಾಯಿಗೂ ಹಾಕಿಕೊಂಡರು. ಚಬ್‌ಗಿಂತ ನಿಧಾನವಾಗಿ ನುಂಗಿದರು. ಮಾಡುವುದು ಹೇಗೆಂದು ಚೀಟಿಯಲ್ಲಿ ಬರೆಸಿಕೊಂಡು, ನಾನು ಕೊಟ್ಟ ಒಂದು ಕಿಲೋ ಹಿಟ್ಟು ಹಿಡಿದು ಹೋದರು. ಮುಂದಿನ ಶನಿವಾರ ಟಿಫನ್ ಡಬ್ಬಿಯಂಥದ್ದನ್ನು ತೆರೆದು ನನ್ನ ಮುಂದಿಟ್ಟರು. ಹೊರಗೆ ಗುಂಡಗೇ ಇತ್ತು. ಮುರಿದು ನೋಡಿದೆ. ಒಳಗೆಲ್ಲ ಗಂಟು, ಗಂಟಿನ ನಡುವೆ ಬಿಳಿ ಬಿಳಿ ಹಸಿ ಹಿಟ್ಟು.

"ಕೋಲಲ್ಲಿ ತಿರುವಿದಿರಾ?" ಎಂದು ಕೇಳಿದೆ.

ಮೆಲ್ಲಗೆ ತಿರುವಿದೆ ಎಂದರು. ಹೇಗೆಂದು ತೋರಿಸಲು ನನ್ನ ಬೆಂಡಿನ ಕಡ್ಡಿಯನ್ನೇ ಎತ್ತಿಕೊಂಡು, ಎರಡೇ ಬೆರಳಲ್ಲಿ ಹಿಡಿದು, ಗಾಳಿಯಲ್ಲಿ ನಯವಾಗಿ ಒಂದು ಸುತ್ತು ಹಾಕಿದರು.

"ಒತ್ತಬೇಕು" ಎಂದೆ. "ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು, ಎರಡೂ ಕೈ ಹಾಕಿ ಒತ್ತಬೇಕು. ಸುಮ್ನೆ ತಾಗಿಸಿದರೆ ಸಾಲದು."