ನಾಟಕ ಬೇಡ, ಪೋಸ್ಟರ್ ಇರಲಿ

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 1936ರಿಂದ 1943ರ ನಡುವಿನ ಒಂಬೈನೂರಕ್ಕೂ ಹೆಚ್ಚು ಸರ್ಕಾರಿ ಪೋಸ್ಟರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದೆ. ಅದರಲ್ಲಿ ನಾಟಕದ ಪೋಸ್ಟರುಗಳಿಗೇನೂ ಬರವಿಲ್ಲ. ಆ ನಾಟಕಗಳನ್ನು ಆಡಿಸುತ್ತಿದ್ದ ಫೆಡರಲ್ ಥಿಯೇಟರ್ ಯೋಜನೆಯ ಕತ್ತು ಹಿಸುಕಿದವರು ಯಾರು? ಅದೇ ಗ್ರಂಥಾಲಯದ ಯಜಮಾನರು, ಅಂದರೆ ಅಮೆರಿಕದ ಸಂಸತ್ತಿನವರು. ಕೊಂದವರೇ ತಿಥಿಯನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಉದಾಹರಣೆ ಅಪರೂಪ.

ಮಹಾ ಆರ್ಥಿಕ ಕುಸಿತದ ಕಾಲ. ನಟರು ಅನ್ನದ ಸಾಲಿನಲ್ಲಿ ನಿಂತಿದ್ದರು. ಅವರಿಗೆ ದಾನದ ಬದಲು ಕೆಲಸವನ್ನೇ ಕೊಡೋಣ ಎಂದು ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಈ ಯೋಜನೆಯನ್ನು ತೆರೆದು, ವಾಸರ್ ಕಾಲೇಜಿನಲ್ಲಿ ನಾಟಕ ಕಲಿಸುತ್ತಿದ್ದ ಹ್ಯಾಲಿ ಫ್ಲಾನಗನ್ ಅವರ ಕೈಗೆ ಒಪ್ಪಿಸಿತು. ಸೆನ್ಸಾರ್ ಇಲ್ಲದ ರಂಗಭೂಮಿ ಎಂಬ ಮಾತನ್ನೂ ಕೊಟ್ಟಿತು. ಆ ಮಾತು ಕೆಲವೇ ತಿಂಗಳು ಬಾಳಿತು. ಇಟಲಿಯವರು ಇಥಿಯೋಪಿಯಾದ ಮೇಲೆ ಏರಿಹೋದದ್ದನ್ನು ಕುರಿತ ನಾಟಕ 1936ರ ಜನವರಿಯಲ್ಲಿ ಸಿದ್ಧವಾಗುತ್ತಿದ್ದಂತೆ ಮೇಲಿನಿಂದ ಆಜ್ಞೆ ಬಂತು: ವಿದೇಶಾಂಗ ಇಲಾಖೆಯ ಒಪ್ಪಿಗೆಯಿಲ್ಲದೆ ಪರದೇಶದ ದೊರೆಗಳ ವೇಷ ಕಟ್ಟಕೂಡದು. ಮುಸೊಲಿನಿಯವರ ಮನಸ್ಸು ನೋಯಬಾರದಲ್ಲ!

ಪೋಸ್ಟರುಗಳಿಗೆ ಮಾತ್ರ ಈ ಕಟ್ಟುಪಾಡು ತಟ್ಟಿದಂತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕಕ್ಕೂ ಸರ್ವಾಧಿಕಾರಿ ಬಂದರೆ ಹೇಗೆ ಎಂದು ಕೇಳುವ ‘ಇಟ್ ಕಾಂಟ್ ಹ್ಯಾಪನ್ ಹಿಯರ್’ ನಾಟಕ ಹತ್ತಾರು ನಗರಗಳಲ್ಲಿ ಒಂದೇ ರಾತ್ರಿ ತೆರೆ ಕಂಡಿತು. ಅದರ ಡೆಟ್ರಾಯಿಟ್ ಪ್ರಯೋಗದ ಪೋಸ್ಟರ್ ನೋಡಿ. ಮುಂದೆ ಅಮೆರಿಕದ ನಕ್ಷೆ, ಅದರ ಬೆನ್ನಿಗೆ ಬಂದೂಕು ಹಿಡಿದ, ಯಾರಿಗೂ ಗುರುತು ಹೇಳಬೇಕಿಲ್ಲದ ಹಿಟ್ಲರ್. ಇಂಥವನ್ನು ತಯಾರಿಸುತ್ತಿದ್ದ ಬಗೆಯೂ ಸೊಗಸು. ಮರದ ಚೌಕಟ್ಟಿಗೆ ರೇಷ್ಮೆ ಬಟ್ಟೆಯನ್ನು ಬಿಗಿದು, ಬೇಡದ ಜಾಗವನ್ನು ಮುಚ್ಚಿ, ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಒತ್ತಿ ಎಳೆಯುವುದು. ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು. ಬಣ್ಣ ಹೆಚ್ಚಿದಷ್ಟೂ ದುಡಿಮೆ ಹೆಚ್ಚು, ಆದ್ದರಿಂದ ಮೂರು ನಾಲ್ಕು ಬಣ್ಣಗಳಲ್ಲೇ ಕೆಲಸ ಮುಗಿಸುವ ಜಾಣತನ. ಇಂದಿನವರು ಇದನ್ನೇ ‘ಮಿತವಾದ ವಿನ್ಯಾಸ’ ಎಂದು ಕೊಂಡಾಡುತ್ತಾರೆ.

ಇನ್ನು ವಿಮರ್ಶಕರ ವಿಚಾರ. ಆ ಕಾಲದ ಅತಿ ಪ್ರಭಾವಿ ರಂಗವಿಮರ್ಶಕರು ಪತ್ರಿಕೆಗಳಲ್ಲಿರಲಿಲ್ಲ, ಸಂಸತ್ತಿನಲ್ಲಿದ್ದರು. ದೇಶದ್ರೋಹಿಗಳನ್ನು ಹುಡುಕಲು ಹೊರಟಿದ್ದ ಮಾರ್ಟಿನ್ ಡೈಸ್ ಸಮಿತಿಯ ಮುಂದೆ 1938ರ ಡಿಸೆಂಬರಿನಲ್ಲಿ ಫ್ಲಾನಗನ್ ಹಾಜರಾದರು. ಅವರ ಹಳೆಯ ಲೇಖನವೊಂದರಲ್ಲಿ ಮಾರ್ಲೊನ ಹೆಸರು ಸುಳಿದಿತ್ತು. ಸಮಿತಿಯ ಸದಸ್ಯ, ಅಲಬಾಮಾದ ಜೋ ಸ್ಟಾರ್ನ್ಸ್ ಕಿವಿ ನಿಮಿರಿಸಿ ಕೇಳಿದರು: ಈ ಮಾರ್ಲೊ ಕಮ್ಯುನಿಸ್ಟನೇ? ಸಭೆ ಗೊಳ್ಳೆಂದಿತು. ಕ್ರಿಸ್ಟೋಫರ್ ಮಾರ್ಲೊ 1593ರಲ್ಲೇ ತೀರಿಕೊಂಡಿದ್ದ. ಕಾರ್ಲ್ ಮಾರ್ಕ್ಸ್ ಹುಟ್ಟಲು ಇನ್ನೂ ಇನ್ನೂರಿಪ್ಪತ್ತೈದು ವರ್ಷ ಬಾಕಿಯಿತ್ತು. ಷೇಕ್ಸ್‌ಪಿಯರನಿಗಿಂತ ತುಸು ಮುಂಚಿನ ಮಹಾ ನಾಟಕಕಾರ ಎಂದು ದಾಖಲೆಗೆ ಬರೆಸಿಕೊಳ್ಳಿ ಎಂದರು ಫ್ಲಾನಗನ್. ಸ್ಟಾರ್ನ್ಸ್ ಅಲ್ಲಿಗೆ ಬಿಡುವ ಆಸಾಮಿಯಲ್ಲ. ‘ಮಿಸ್ಟರ್ ಯೂರಿಪಿಡೀಸ್’ ಕೂಡ ವರ್ಗಪ್ರಜ್ಞೆ ಬೋಧಿಸಿದ ತಪ್ಪಿತಸ್ಥನಲ್ಲವೇ ಎಂದು ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ನಾಟಕಕಾರನವರೆಗೂ ಕೈಚಾಚಿದರು. ಸದ್ಯ, ಸಮನ್ಸ್ ಕಳಿಸಲಿಲ್ಲ. ಸುತ್ತಲಿದ್ದವರು ನಗುತ್ತಿದ್ದರೂ ಫ್ಲಾನಗನ್ ನಗಲಿಲ್ಲ. ಎಂಟು ಸಾವಿರ ಜನರ ಕೆಲಸ ಈ ಪ್ರಶ್ನೋತ್ತರಕ್ಕೆ ಜೋತುಬಿದ್ದಿತ್ತು. ಅವರು ಇನ್ನೂ ಮಾತು ಮುಗಿಸಬೇಕಿತ್ತು, ಅಷ್ಟರಲ್ಲಿ ಸಮಿತಿಗೆ ಊಟದ ಹೊತ್ತಾಯಿತು. ಮತ್ತೆ ಕರೆಯಲೇ ಇಲ್ಲ.

ಮರುವರ್ಷ ಇಲಿನಾಯ್ಸಿನ ಸಂಸದ ಎವರೆಟ್ ಡರ್ಕ್ಸನ್ ವಿಮರ್ಶೆಯನ್ನು ಮತ್ತಷ್ಟು ಸುಲಭ ಮಾಡಿದರು. ನಾಟಕಗಳ ಹೆಸರುಗಳನ್ನು ಸದನದಲ್ಲಿ ಗಟ್ಟಿಯಾಗಿ ಓದಿದರು, ಅಷ್ಟೇ. ‘ಮೇಬಲ್‌ಳ ಕೋಣೆಯಲ್ಲಿ’, ‘ನಿಮ್ಮ ಗಂಡನನ್ನು ಎರವಲು ಕೊಡಿ’, ‘ಆಡಮ್ ಪಾಪ ಮಾಡಿದನೇ?’ ಇವೆಲ್ಲ ಅಶ್ಲೀಲ ಹೊಲಸು ಎಂದು ತೀರ್ಪೂ ಕೊಟ್ಟರು. ಬಹುಪಾಲು ಇವು ಖಾಸಗಿ ಕಂಪನಿಗಳು ಊರೂರಲ್ಲಿ ಆಡಿ ಸವೆಸಿದ್ದ ಹಳೆಯ ಹಾಸ್ಯ ನಾಟಕಗಳು. ಆದರೆ ಟಿಕೆಟ್ ಕೊಂಡು, ಎರಡು ಗಂಟೆ ಕೂತು, ಮೇಬಲ್‌ಳ ಕೋಣೆಯಲ್ಲಿ ನಿಜಕ್ಕೂ ಏನಾಯಿತೆಂದು ನೋಡಿ ಬರುವಷ್ಟು ಪುರುಸೊತ್ತು ಜನಪ್ರತಿನಿಧಿಗಳಿಗೆಲ್ಲಿ?

1939ರ ಜೂನ್ 30ಕ್ಕೆ ಯೋಜನೆ ಮುಗಿಯಿತು. ಆ ರಾತ್ರಿ ನ್ಯೂಯಾರ್ಕಿನಲ್ಲಿ ಮಕ್ಕಳ ನಾಟಕ ‘ಪಿನೋಕಿಯೊ’ದ ಕೊನೆಯನ್ನೇ ಬದಲಿಸಿ, ಗೊಂಬೆಯನ್ನು ಹುಡುಗನಾಗಲು ಬಿಡದೆ ಶವಪೆಟ್ಟಿಗೆಯಲ್ಲಿ ಮಲಗಿಸಿದರು. ಸಂಸತ್ತಿನ ಕಾಯ್ದೆಯಿಂದ ಹತ್ಯೆ ಎಂದು ದಿನಾಂಕ ಸಹಿತ ಘೋಷಿಸಿದರು. ನಾಲ್ಕು ವರ್ಷಗಳಲ್ಲಿ ಸುಮಾರು 3 ಕೋಟಿ ಪ್ರೇಕ್ಷಕರನ್ನು ಕಂಡ ಯೋಜನೆಯ ಕಾಗದಪತ್ರಗಳು ಮೂಟೆಮೂಟೆಯಾಗಿ ಮರೆಗೆ ಸರಿದವು. 1974ರಲ್ಲಿ ಇಬ್ಬರು ಪ್ರಾಧ್ಯಾಪಕರು ಬಾಲ್ಟಿಮೋರ್ ಬಳಿಯ ಹಳೆಯ ವಿಮಾನದ ಹ್ಯಾಂಗರ್ ಒಂದರಲ್ಲಿ ಧೂಳು ಕೊಡವಿದಾಗ ಹಸ್ತಪ್ರತಿ, ವೇಷಭೂಷಣದ ರೇಖಾಚಿತ್ರ, ಪೋಸ್ಟರ್ ಎಲ್ಲವೂ ಸಿಕ್ಕವು. ಆಗ ಶುರುವಾಯಿತು ನೋಡಿ ಗೌರವ!

ಈಗ ಇವು ಅಮೂಲ್ಯ ಪರಂಪರೆ. ಸರ್ಕಾರಿ ನೌಕರಿಯ ಭಾಗವಾಗಿ ಮಾಡಿದ ಕೃತಿಗಳಿಗೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲವಾದ್ದರಿಂದ ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಕಾಫಿ ಲೋಟದ ಮೇಲೆ, ಟೀ ಶರ್ಟಿನ ಮೇಲೆ, ಸ್ನಾನದ ಮನೆಯ ಪರದೆಯ ಮೇಲೂ ಬಂದಿವೆ. ಬರೆದ ಕಲಾವಿದರಿಗೆ ನ್ಯೂಯಾರ್ಕಿನಲ್ಲಿ ಸಿಗುತ್ತಿದ್ದದ್ದು ವಾರಕ್ಕೆ 24 ಡಾಲರಿನ ಆಸುಪಾಸು. ಅದೂ ತೆರಿಗೆದಾರರ ಹಣದ ಪೋಲು ಎಂದು ಸದನದಲ್ಲಿ ಗದ್ದಲವಾಗಿತ್ತು. ಬಣ್ಣ ಗೋಡೆಗೆ ಹೊಂದುತ್ತದೆಯೇ ಎಂದು ನೋಡಿ ಜನ ಕೊಳ್ಳುತ್ತಾರೆ. ನಾಟಕದಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಡರ್ಕ್ಸನ್ ಸಾಹೇಬರ ವಿಮರ್ಶಾ ಪಂಥಕ್ಕೆ ಇಂದಿಗೂ ಅನುಯಾಯಿಗಳಿದ್ದಾರೆ, ಈಗ ಅವರು ಹಣವನ್ನೂ ಕೊಡುತ್ತಾರೆ.